ಚೀನಿ ಅಕ್ಷರಗಳಿಗೆ ತಕ್ಕ ನಿಬ್ಬು: ಆರಿಸುವ ಮತ್ತು ಬಳಸುವ ಬಗೆ

ಚೀನಿ ಅಥವಾ ಜಪಾನಿ ಭಾಷೆಯನ್ನು ಕಲಿಯಲು ತೊಡಗಿದವರು ಸಾಮಾನ್ಯವಾಗಿ ಕೈಗೆ ಸಿಕ್ಕ ಬಾಲ್‌ಪೆನ್ನಿನಲ್ಲಿಯೇ ಬರೆಯಲು ಆರಂಭಿಸುತ್ತಾರೆ. ಗೆರೆಗಳ ಸಂಖ್ಯೆ ಸರಿಯಾಗಿದ್ದು, ಆಕಾರವೂ ತಕ್ಕಮಟ್ಟಿಗೆ ಕೂಡಿಬಂದರೂ, ಬರೆದ ಅಕ್ಷರ ತಂತಿಯನ್ನು ಬಗ್ಗಿಸಿ ಜೋಡಿಸಿದ ಹಾಗೆ ಒಣಗಿದಂತೆ ಕಾಣುತ್ತದೆ. ಆ ಲಿಪಿ ಕುಂಚದಿಂದ ಬೆಳೆದದ್ದು. ಅಲ್ಲಿ ಪ್ರತಿ ಗೆರೆಗೂ ಒಂದು ಆರಂಭ, ಒಂದು ನಡಿಗೆ, ಒಂದು ಕೊನೆ ಇರುತ್ತವೆ ಮತ್ತು ಗೆರೆಯ ದಪ್ಪ ಈ ಮೂರು ಕಡೆಯೂ ಒಂದೇ ಆಗಿರುವುದಿಲ್ಲ. ಜಪಾನ್ ಮತ್ತು ಚೀನಾದ ಪೆನ್ನು ತಯಾರಕರು ಈ ಏರಿಳಿತವನ್ನು ಫೌಂಟನ್ ಪೆನ್ನಿನಲ್ಲಿ ತರಲು ಬಗೆಬಗೆಯ ನಿಬ್ಬುಗಳನ್ನು ರೂಪಿಸಿದ್ದಾರೆ. ಅವುಗಳಲ್ಲಿ ಯಾವುದನ್ನು ಮೊದಲು ಕೊಳ್ಳಬೇಕು, ಅದನ್ನು ಹೇಗೆ ಹಿಡಿಯಬೇಕು, ನಮ್ಮ ಬೆಳಗಾವಿಯ ಹವೆಯಲ್ಲಿ ಮತ್ತು ಇಲ್ಲಿ ಸಿಗುವ ಹಾಳೆಯ ಮೇಲೆ ಹೇಗೆ ಪಳಗಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ನಿಬ್ಬಿನ ಮಾತಿಗೆ ಮೊದಲು ಗೆರೆಗಳನ್ನು ಗುರುತಿಸಿಕೊಳ್ಳಬೇಕು. ಚೀನಿ ಬರವಣಿಗೆಯನ್ನು ಕಲಿಸುವಾಗ ‘ಯೊಂಗ್’ ಎಂಬ ಒಂದೇ ಅಕ್ಷರದಲ್ಲಿ ಎಂಟು ಮೂಲ ಗೆರೆಗಳನ್ನು ತೋರಿಸುವ ಹಳೆಯ ಪದ್ಧತಿಯಿದೆ. ಅವುಗಳಲ್ಲಿ ನಮಗೆ ಇಲ್ಲಿ ಬೇಕಾದವು ಆರು: ಅಡ್ಡಗೆರೆ ‘ಹೆಂಗ್’, ನಿಂತ ಗೆರೆ ‘ಶು’, ಚುಕ್ಕೆ ‘ದ್ಯೆನ್’, ಕೊಕ್ಕೆ ‘ಗೋವ್’, ಎಡಕ್ಕೆ ಇಳಿಯುತ್ತ ತೆಳುವಾಗುವ ಓರೆಗೆರೆ ‘ಪ್ಯೆ’, ಬಲಕ್ಕೆ ಇಳಿಯುತ್ತ ದಪ್ಪವಾಗಿ ಕೊನೆಯಲ್ಲಿ ಚೂಪಾಗುವ ಓರೆಗೆರೆ ‘ನಾ’. ಜಪಾನಿನಲ್ಲಿ ಗೆರೆಯ ಕೊನೆಯನ್ನು ಆಧರಿಸಿ ಮೂರು ಹೆಸರು ಹೇಳುತ್ತಾರೆ: ನಿಲ್ಲಿಸುವುದು ‘ತೊಮೆ’, ಚಿಮ್ಮಿಸುವುದು ‘ಹಾನೆ’, ಸವರಿ ಬಿಡುವುದು ‘ಹರಾಯಿ’. ನಿಬ್ಬನ್ನು ಪರೀಕ್ಷಿಸುವಾಗ ಈ ಮೂರು ಕೊನೆಗಳನ್ನು ಬರೆದು ನೋಡಿದರೆ ಸಾಕು, ಅದರ ಗುಣ ತಿಳಿದುಬಿಡುತ್ತದೆ.

ಹೊಸಬರು ಮೊದಲು ಕೊಳ್ಳಬೇಕಾದದ್ದು ಗಟ್ಟಿಯಾದ, ಬಹಳ ಸಣ್ಣ ಮೊನೆಯ ನಿಬ್ಬು ಎಂಬುದು ನನ್ನ ಖಚಿತ ಅಭಿಪ್ರಾಯ. ಪುಸ್ತಕ ಎಂಬ ಅರ್ಥದ ‘ಶು’ ಅಕ್ಷರವನ್ನೇ ನೋಡಿ. (ಮೇಲೆ ಹೇಳಿದ ನಿಂತ ಗೆರೆಯ ಹೆಸರೂ ಇದೇ ಆದರೂ ಚೀನಿಯಲ್ಲಿ ಅವೆರಡನ್ನು ಉಚ್ಚರಿಸುವಾಗಿನ ದನಿಯ ಏರಿಳಿತ ಬೇರೆ.) ಅದರ ಹಳೆಯ ರೂಪದಲ್ಲಿ ಹತ್ತು ಗೆರೆಗಳಿವೆ, ಜಪಾನಿನಲ್ಲಿ ಇಂದಿಗೂ ಅದೇ ರೂಪ ಬಳಕೆಯಲ್ಲಿದೆ. ಆ ಹತ್ತರಲ್ಲಿ ಎಂಟು ಅಡ್ಡಸಾಲುಗಳು ಒಂದರ ಕೆಳಗೊಂದು ಕೂಡುತ್ತವೆ. ಅಕ್ಷರದ ಎತ್ತರ 7 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ನಿಬ್ಬಿನ ಗೆರೆ 0.6 ಮಿಲಿಮೀಟರ್ ದಪ್ಪವಿದ್ದರೆ ಎಂಟು ಗೆರೆಗಳೇ 4.8 ಮಿಲಿಮೀಟರ್ ತಿಂದುಬಿಡುತ್ತವೆ. ಉಳಿದದ್ದನ್ನು ಏಳು ಸಂದುಗಳಿಗೆ ಹಂಚಿದರೆ ಒಂದೊಂದಕ್ಕೂ 0.3 ಮಿಲಿಮೀಟರಿನಷ್ಟು ಜಾಗ ಸಿಗುತ್ತದೆ, ಮಸಿ ಸ್ವಲ್ಪ ಹರಡಿದರೂ ಎಲ್ಲವೂ ಕಲೆಸಿ ಒಂದು ಕಪ್ಪು ಮುದ್ದೆಯಾಗುತ್ತದೆ. ಅದೇ ಗೆರೆ 0.3 ಮಿಲಿಮೀಟರ್ ಇದ್ದರೆ ಸಂದು 0.65 ಮಿಲಿಮೀಟರಿಗೆ ಹಿಗ್ಗುತ್ತದೆ, ಅಂದರೆ ಬಿಳಿ ಜಾಗ ಗೆರೆಗಿಂತ ಎರಡು ಪಟ್ಟು ಅಗಲವಾಗಿ ಅಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಚೀನಾದ ಸರಳೀಕೃತ ಲಿಪಿಯಲ್ಲಿ ಇದೇ ಅಕ್ಷರ ನಾಲ್ಕೇ ಗೆರೆಗಳಿಗೆ ಇಳಿದಿದೆ. ಹೀಗಾಗಿ ಆ ಲಿಪಿಯನ್ನು ಮಾತ್ರ ಕಲಿಯುವವರು ಇನ್ನೊಂದು ಮೆಟ್ಟಿಲು ದಪ್ಪದ ನಿಬ್ಬನ್ನೂ ಆರಿಸಿಕೊಳ್ಳಬಹುದು.

ಜಪಾನಿನ ಮೂರು ದೊಡ್ಡ ಕಂಪನಿಗಳಾದ ಸೈಲರ್ (1911), ಪೈಲಟ್ (1918) ಮತ್ತು ಪ್ಲಾಟಿನಂ (1919) ತಮ್ಮ ಪೆನ್ನುಗಳಿಗೆ ಯುರೋಪಿನ ಅಳತೆಗಿಂತ ಸಣ್ಣ ಮೊನೆಯನ್ನು ಕೊಡುವುದಕ್ಕೆ ಇದೇ ಕಾರಣ. ಜಪಾನಿನ ‘ಫೈನ್’ ಎಂದರೆ ಯುರೋಪಿನ ‘ಎಕ್ಸ್ಟ್ರಾ ಫೈನ್’ಗೆ ಸರಿಸಮ ಎಂದು ತಿಳಿದು ಆರಿಸಬೇಕು. ಪೈಲಟ್ ಕಂಪನಿಯ ‘ಪೋಸ್ಟಿಂಗ್’ ನಿಬ್ಬಿನ ಮೂತಿ ಸ್ವಲ್ಪ ಕೆಳಕ್ಕೆ ಬಾಗಿದ್ದು, ಒತ್ತಿ ಬರೆದರೂ ಗೆರೆ ದಪ್ಪವಾಗುವುದಿಲ್ಲ. ಪ್ಲಾಟಿನಂನ ‘ಅಲ್ಟ್ರಾ ಎಕ್ಸ್ಟ್ರಾ ಫೈನ್’ ಅದಕ್ಕಿಂತಲೂ ಸೂಕ್ಷ್ಮ. ಕಲಿಕೆಯ ಆರಂಭಕ್ಕೆ ಅಷ್ಟು ದುಬಾರಿ ನಿಬ್ಬು ಬೇಕಿಲ್ಲ, ಉಕ್ಕಿನ ಸಾಮಾನ್ಯ ಜಪಾನಿ ಫೈನ್ ನಿಬ್ಬು ಧಾರಾಳವಾಗಿ ಸಾಕು. ಶಾಂಘೈಯಲ್ಲಿ 1931ರಲ್ಲಿ ಆರಂಭವಾದ ಕಾರ್ಖಾನೆಯಿಂದ ಬೆಳೆದ ‘ಹೀರೋ’ ಪೆನ್ನುಗಳು ನಮ್ಮ ಹಿರಿಯರ ಜೇಬಿನಲ್ಲಿಯೂ ಇದ್ದವು. ಮೊನೆ ಮಾತ್ರ ಕಾಣುವಂತೆ ನಿಬ್ಬನ್ನು ಮುಚ್ಚಿಟ್ಟ ಅದರ ಹಳೆಯ ಮಾದರಿ ಇಂದಿಗೂ ಚೀನಿ ಅಕ್ಷರಗಳ ಕಲಿಕೆಗೆ ಒಳ್ಳೆಯ ಸಾಧನವೇ ಆಗಿದೆ.

ಅಕ್ಷರದ ಕಟ್ಟು ಕೈಗೆ ಬಂದ ಮೇಲೆ ಗೆರೆಯ ಸೊಬಗಿಗಾಗಿ ಎರಡನೆಯ ನಿಬ್ಬನ್ನು ಯೋಚಿಸಬೇಕು. ಮೊನೆ ಮೇಲಕ್ಕೆ ಬಾಗಿದ ನಿಬ್ಬೇ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವಂಥದ್ದು. ಜಪಾನಿನಲ್ಲಿ ಇದನ್ನು ‘ಫುದೆ’ ಎಂದೂ ಚೀನಾದಲ್ಲಿ ‘ಮೇಯ್‌ಗೊಂಗ್’ ಎಂದೂ ಕರೆಯುತ್ತಾರೆ. ಸೈಲರ್‌ನ ‘ಫುದೆ ದೆ ಮಾನ್ನೆನ್’ 40 ಡಿಗ್ರಿ ಮತ್ತು 55 ಡಿಗ್ರಿ ಎಂಬ ಎರಡು ಬಾಗುಗಳಲ್ಲಿ ಬರುತ್ತದೆ. ಪೆನ್ನನ್ನು ಹಾಳೆಗೆ ಒರಗಿಸಿ ಬರೆಯುವವರಿಗೆ 40, ನೆಟ್ಟಗೆ ಹಿಡಿಯುವವರಿಗೆ 55 ಹೊಂದುತ್ತದೆ. ಚೀನಾದ ಜಿನ್‌ಹಾವೊ ಮತ್ತು ಹೀರೋ ಕಂಪನಿಗಳ ಬಾಗಿದ ನಿಬ್ಬುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಖಡೇ ಬಜಾರದ ಅಥವಾ ಗಣಪತ ಗಲ್ಲಿಯ ಅಂಗಡಿಯಲ್ಲಿ ಇಂಥ ನಿಬ್ಬು ಕೇಳಿದ ಕೂಡಲೇ ಸಿಗುವ ವಸ್ತುವಲ್ಲ, ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವುದೇ ಸುಲಭ. ಮನೆಯಲ್ಲಿರುವ ಹಳೆಯ ನಿಬ್ಬನ್ನು ಇಕ್ಕಳದಿಂದ ಬಾಗಿಸುವ ಪ್ರಯೋಗವನ್ನು ನಾನು ಒಪ್ಪುವುದಿಲ್ಲ. ಹಾಗೆ ಬಾಗಿಸಿದಾಗ ಹಾಳೆಗೆ ತಾಗುವುದು ತುದಿಯ ಗಟ್ಟಿ ಮಣಿಯಲ್ಲ, ಅದರ ಹಿಂದಿರುವ ಮೆದು ಉಕ್ಕು. ಜೊತೆಗೆ ಸೀಳು ಅಗಲಿಸಿ ಮಸಿಯ ಹರಿವೂ ಕೆಡುತ್ತದೆ.

ಬಾಗಿದ ನಿಬ್ಬು ಕೆಲಸ ಮಾಡುವುದು ಒತ್ತಡದಿಂದಲ್ಲ, ಪೆನ್ನಿನ ಓರೆಯಿಂದ. ಪೆನ್ನನ್ನು ಒರಗಿಸಿದಾಗ ಬಾಗಿದ ಭಾಗ ಪೂರ್ತಿಯಾಗಿ ಹಾಳೆಯ ಮೇಲೆ ಮಲಗಿ ಗೆರೆ ದಪ್ಪವಾಗುತ್ತದೆ. ನೆಟ್ಟಗೆ ಎತ್ತಿದಾಗ ತುದಿ ಮಾತ್ರ ತಾಗಿ ಗೆರೆ ತೆಳುವಾಗುತ್ತದೆ. ನಿಬ್ಬನ್ನು ಮಗುಚಿ ಬೆನ್ನಿನಿಂದ ಬರೆದರೆ ಕೂದಲೆಳೆಯಷ್ಟು ಸಣ್ಣ ಗೆರೆ ಬರುತ್ತದೆ. ‘ಪ್ಯೆ’ ಗೆರೆಯಿಂದ ಅಭ್ಯಾಸ ಆರಂಭಿಸಿ. ಪೆನ್ನನ್ನು ಒರಗಿಸಿ ಮೇಲ್ತುದಿಯಲ್ಲಿ ನಿಬ್ಬನ್ನು ಊರಿ, ಕ್ಷಣ ತಡೆದು, ಎಡಕ್ಕೆ ಇಳಿಸುತ್ತ ಇಳಿಸುತ್ತ ಪೆನ್ನನ್ನು ನೆಟ್ಟಗೆ ಮಾಡುತ್ತ ಹೋಗಬೇಕು. ಗೆರೆ ಮುಗಿಯುವಾಗ ನಿಬ್ಬು ಹಾಳೆಯಿಂದ ಬಿಟ್ಟಿರಬೇಕು, ಆದರೆ ಕೈ ನಿಂತಿರಬಾರದು. ಹೊಲದ ಬದುವಿಗೆ ಬಂದಾಗ ಎತ್ತುಗಳನ್ನು ನಿಲ್ಲಿಸದೆಯೇ ನೇಗಿಲನ್ನು ಎತ್ತಿ ತಿರುಗಿಸುವ ರೈತನ ಹದ ಇಲ್ಲಿ ಬೇಕು.

‘ನಾ’ ಗೆರೆಯಲ್ಲಿ ಬಹಳ ಮಂದಿ ಎಡವುತ್ತಾರೆ, ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಬಲಗೈಯಲ್ಲಿ ಬರೆಯುವವರ ಪೆನ್ನಿನ ಬಾಲ ಬಲಭುಜದ ಕಡೆಗೆ ಒರಗಿರುತ್ತದೆ. ಆಗ ನಿಬ್ಬಿನ ಮಲಗಿದ ಭಾಗವೂ ಅದೇ ದಿಕ್ಕಿನಲ್ಲಿ, ಅಂದರೆ ಎಡ ಮೇಲಿನಿಂದ ಬಲ ಕೆಳಕ್ಕೆ ಚಾಚಿರುತ್ತದೆ. ‘ಪ್ಯೆ’ ಆ ಭಾಗಕ್ಕೆ ಅಡ್ಡಲಾಗಿ ಎಳೆಯುವ ಗೆರೆಯಾದ್ದರಿಂದ ತಾನಾಗಿಯೇ ಅಗಲವಾಗುತ್ತದೆ; ‘ನಾ’ ಅದರ ಉದ್ದಕ್ಕೇ ಸಾಗುವುದರಿಂದ ಎಷ್ಟು ಒತ್ತಿದರೂ ದಪ್ಪವಾಗುವುದಿಲ್ಲ. ಇದಕ್ಕೆ ಎರಡು ಉಪಾಯಗಳಿವೆ. ಮೊಣಕೈಯನ್ನು ಮೈಗೆ ತಂದು ಪೆನ್ನಿನ ಬಾಲ ನೇರವಾಗಿ ಎದೆಯ ಕಡೆಗೆ ಬರುವಂತೆ ಹಿಡಿಯಬಹುದು, ಇಲ್ಲವೇ ಹಾಳೆಯ ಮೇಲ್ತುದಿಯನ್ನು ಎಡಕ್ಕೆ ವಾಲಿಸಿ ಗೆರೆಯ ದಿಕ್ಕನ್ನೇ ಬದಲಿಸಬಹುದು. ಮೊದಲನೆಯದನ್ನು ರೂಢಿ ಮಾಡಿಕೊಳ್ಳುವುದು ಕಷ್ಟವಾದರೂ ನಾನು ಅದನ್ನೇ ಹೇಳುತ್ತೇನೆ, ಏಕೆಂದರೆ ಹಾಳೆ ವಾಲಿದಾಗ ಅಡ್ಡಗೆರೆಗಳ ಸಮತೋಲ ಕಣ್ಣಿಗೆ ತಪ್ಪುತ್ತದೆ. ಹೀಗೆ ಹಿಡಿದ ಮೇಲೆ ಪೆನ್ನನ್ನು ನೆಟ್ಟಗೆ ಇಟ್ಟು ತೆಳುವಾಗಿ ಆರಂಭಿಸಿ, ಇಳಿಯುತ್ತ ಒರಗಿಸುತ್ತ ಹೋಗಿ, ಗೆರೆಯ ಪಾದದಲ್ಲಿ ಒಮ್ಮೆ ನಿಂತು, ಅಲ್ಲಿಂದ ಬಲಕ್ಕೆ ಸರಿಸುತ್ತ ಎತ್ತಬೇಕು. ನಿಲ್ಲುವುದನ್ನು ಮರೆತರೆ ಪಾದ ಮೂಡುವುದಿಲ್ಲ, ಹೆಚ್ಚು ನಿಂತರೆ ಮಸಿ ಗುಡ್ಡೆಯಾಗುತ್ತದೆ. ಕೊಕ್ಕೆಯಲ್ಲಿಯೂ ಇದೇ ನಿಯಮ: ಮೊದಲು ನಿಲುಗಡೆ, ಆಮೇಲೆ ಚಿಮ್ಮು.

ಒತ್ತಿದಷ್ಟೂ ಅಗಲಿಸುವ ಮೆದು ನಿಬ್ಬು ಇನ್ನೊಂದು ದಾರಿ. ಪೈಲಟ್‌ನ ‘ಎಲಾಬೊ’ವನ್ನು ಜಪಾನಿ ಅಕ್ಷರಗಳ ನಿಲುಗಡೆ, ಚಿಮ್ಮು, ಸವರುಗಳಿಗೆಂದೇ ಗಿಡುಗದ ಕೊಕ್ಕಿನ ಆಕಾರದಲ್ಲಿ ಮಾಡಿದ್ದಾರೆ, ಹೊರದೇಶಗಳಲ್ಲಿ ಅದು ‘ಫಾಲ್ಕನ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಅದೇ ಕಂಪನಿಯ ‘ಎಫ್‌ಎ’ ನಿಬ್ಬಿನ ಎರಡೂ ಭುಜಗಳನ್ನು ಕತ್ತರಿಸಿ ಇನ್ನಷ್ಟು ಬಳುಕುವಂತೆ ಮಾಡಲಾಗಿದೆ. ಬಾಲ್‌ಪೆನ್ನನ್ನು ಒತ್ತಿ ಬರೆದು ರೂಢಿಯಾದ ಕೈಗೆ ಇವನ್ನು ಕೊಡಬಾರದು. ಒಮ್ಮೆ ಮಿತಿ ಮೀರಿ ಅಗಲಿಸಿದ ತುದಿಗಳು ಮತ್ತೆ ಕೂಡುವುದಿಲ್ಲ.

ಸೈಲರ್‌ನ ನಿಬ್ಬು ತಜ್ಞ ನೊಬುಯೋಶಿ ನಾಗಾಹಾರಾ ರೂಪಿಸಿದ ‘ನಾಗಿನಾತಾ ತೊಗಿ’ ಈ ಪರಂಪರೆಯ ಅತ್ಯುತ್ತಮ ಕೆಲಸವೆಂದು ನಾನು ಭಾವಿಸುತ್ತೇನೆ. ಅದರಲ್ಲಿ ನಿಬ್ಬು ಬಾಗುವುದೂ ಇಲ್ಲ, ಬಳುಕುವುದೂ ಇಲ್ಲ. ತುದಿಯ ಗಟ್ಟಿ ಮಣಿಯನ್ನೇ ಉದ್ದವಾಗಿಟ್ಟು, ಮೊನೆಯಿಂದ ಹಿಂದಕ್ಕೆ ಕ್ರಮೇಣ ಅಗಲವಾಗುವಂತೆ ಉಜ್ಜಿರುತ್ತಾರೆ. ಹೀಗಾಗಿ ಕೈಯ ಓರೆ ತುಸುವೇ ಬದಲಾದರೂ ಗೆರೆ ಬದಲಾಗುತ್ತದೆ ಮತ್ತು ಅಕ್ಷರ ದೊಡ್ಡದಾಗಿರಬೇಕೆಂಬ ಕಟ್ಟುಪಾಡೂ ಇಲ್ಲ. ಬೆಲೆ ಬಹಳ ಹೆಚ್ಚು. ಕೈ ಪೂರ್ತಿ ಪಳಗಿದವರಿಗೆ ಮಾತ್ರ ಆ ಹಣ ಸಾರ್ಥಕ.

ಅಭ್ಯಾಸಕ್ಕೆ ಚೌಕದ ಹಾಳೆ ಬೇಕೇ ಬೇಕು. ಚೀನಾದಲ್ಲಿ ಮಕ್ಕಳು ಬರೆಯುವ ಚೌಕದ ನಡುವೆ ಅಡ್ಡ ಮತ್ತು ಉದ್ದ ಗೆರೆಗಳಿದ್ದು, ನಾಲ್ಕು ಮೂಲೆಗಳನ್ನು ಸೇರಿಸುವ ಓರೆಗೆರೆಗಳುಳ್ಳ ಇನ್ನೊಂದು ಬಗೆಯೂ ಇದೆ. ನಮ್ಮ ಕಾಲೇಜುಗಳ ಸುತ್ತಲಿನ ಸ್ಟೇಶನರಿ ಅಂಗಡಿಗಳಲ್ಲಿ ಸಿಗುವ ಗ್ರಾಫ್ ಹಾಳೆಯಿಂದ ಇದನ್ನು ಸುಲಭವಾಗಿ ಮಾಡಿಕೊಳ್ಳಬಹುದು. ಸಣ್ಣ ನಿಬ್ಬಿಗೆ 1 ಸೆಂಟಿಮೀಟರ್, ಬಾಗಿದ ನಿಬ್ಬಿಗೆ 2 ಸೆಂಟಿಮೀಟರ್ ಚೌಕಗಳನ್ನು ಗಾಢವಾಗಿ ಗೆರೆ ಹಾಕಿ, ಆ ಹಾಳೆಯನ್ನು ಬರೆಯುವ ಹಾಳೆಯ ಅಡಿಯಲ್ಲಿ ಇಟ್ಟುಕೊಳ್ಳಬೇಕು. ಗ್ರಾಫ್ ಹಾಳೆಯ ಮೇಲೆಯೇ ಬರೆಯುವುದು ಬೇಡ, ಅದರ ಮೇಲೆ ಮಸಿ ಹರಡುವ ಸಂಭವ ಹೆಚ್ಚು. ಗೆರೆಗಳ ಕ್ರಮವನ್ನು, ಅಂದರೆ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡಗೆರೆಯ ನಂತರ ಅದನ್ನು ದಾಟುವ ನಿಂತ ಗೆರೆ ಎಂಬುದನ್ನು ಆರಂಭದಿಂದಲೇ ಪಾಲಿಸಬೇಕು. ಕ್ರಮ ತಪ್ಪಿದರೆ ಚಿಮ್ಮಿದ ತುದಿ ಮುಂದಿನ ಗೆರೆಯ ಆರಂಭದ ಕಡೆಗೆ ತಿರುಗುವುದಿಲ್ಲ.

ಇದೇ ನಿಬ್ಬುಗಳಿಂದ ಕನ್ನಡವನ್ನೂ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಗಟ್ಟಿಯಾದ ಸಣ್ಣ ನಿಬ್ಬಿನಲ್ಲಿ ಖಂಡಿತ ಬರೆಯಬಹುದು, ಒತ್ತಕ್ಷರಗಳು ಬಹಳ ಚೊಕ್ಕಟವಾಗಿ ಮೂಡುತ್ತವೆ. ಬಾಗಿದ ನಿಬ್ಬು ಮಾತ್ರ ಕನ್ನಡಕ್ಕೆ ಒಗ್ಗುವುದಿಲ್ಲ. ನಮ್ಮ ಅಕ್ಷರಗಳು ದುಂಡಾಗಿ ಸುತ್ತುತ್ತವೆ. ಒಂದೇ ಸುತ್ತಿನಲ್ಲಿ ಗೆರೆ ಎಲ್ಲ ದಿಕ್ಕುಗಳಿಗೂ ತಿರುಗುವುದರಿಂದ, ಬೇಕಿಲ್ಲದ ಕಡೆ ದಪ್ಪವಾಗಿ ಬೇಕಾದ ಕಡೆ ತೆಳುವಾಗುತ್ತದೆ. ಬೆಳಗಾವಿಯಲ್ಲಿ ಮರಾಠಿಯನ್ನೂ ಬರೆಯುವವರು ಬಹಳ ಮಂದಿ ಇರುವುದರಿಂದ ಇನ್ನೊಂದು ಮಾತು: ದೇವನಾಗರಿಯ ದಪ್ಪ-ತೆಳುವು ಓರೆಯಾಗಿ ಕತ್ತರಿಸಿದ ಲೇಖನಿಯನ್ನು ಒಂದೇ ಕೋನದಲ್ಲಿ ಹಿಡಿದು ಬರೆದಾಗ ಬರುವಂಥದ್ದು, ಅದಕ್ಕೆ ಚಪ್ಪಟೆ ಮೊನೆಯ ‘ಸ್ಟಬ್’ ನಿಬ್ಬೇ ಸರಿ.

ಮಸಿಯ ವಿಷಯದಲ್ಲಿ ಒಂದೇ ಕಟ್ಟುನಿಟ್ಟಿನ ನಿಯಮವಿದೆ. ಚಿತ್ರ ಬಿಡಿಸಲು ಬಳಸುವ, ನೀರಿಗೆ ಅಳಿಸದ ಡ್ರಾಯಿಂಗ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಬಾರದು. ಅದರಲ್ಲಿರುವ ಅರಗು ಒಣಗಿ ಒಳದಾರಿಯನ್ನು ಮುಚ್ಚಿಬಿಡುತ್ತದೆ. ಕುಂಚದ ಮಸಿಯಂಥ ಗಾಢ ಕಪ್ಪು ಬೇಕಾದರೆ ಫೌಂಟನ್ ಪೆನ್ನಿಗೆಂದೇ ಮಾಡಿದ ಪ್ಲಾಟಿನಂನ ಕಾರ್ಬನ್ ಇಂಕು ಇದೆ. ನಿತ್ಯದ ಅಭ್ಯಾಸಕ್ಕೆ ಎಲ್ಲೆಡೆ ಸಿಗುವ ಸಾಮಾನ್ಯ ಕಪ್ಪು ಅಥವಾ ನೀಲಿ ಮಸಿ ಸಾಕು. ಬೆಳಗಾವಿಯ ಮಳೆಗಾಲದಲ್ಲಿ ಹಾಳೆ ತೇವ ಹೀರಿ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಚೊಕ್ಕಟವಾಗಿ ಬರೆಸಿಕೊಂಡ ಹಾಳೆಯೇ ಆಗ ಮಸಿಯನ್ನು ಬೇರುಬೇರಾಗಿ ಹರಡುತ್ತದೆ. ಆದ್ದರಿಂದ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟು ಬೇಕಾದಷ್ಟನ್ನೇ ಹೊರತೆಗೆಯಬೇಕು, ಸಾಧ್ಯವಾದರೆ ನುಣುಪಾದ ಬಾಂಡ್ ಪೇಪರ್ ಬಳಸಬೇಕು. ವಿಜಯಪುರ, ಬಾಗಲಕೋಟೆಯ ಓದುಗರಿಗೆ ತೊಂದರೆ ಇದರ ತದ್ವಿರುದ್ಧವಾಗಿರುತ್ತದೆ: ಅಲ್ಲಿಯ ಏಪ್ರಿಲ್-ಮೇ ತಿಂಗಳ ಒಣ ಗಾಳಿಯಲ್ಲಿ, ಮುಂದಿನ ಅಕ್ಷರವನ್ನು ಪುಸ್ತಕದಲ್ಲಿ ನೋಡಿಕೊಳ್ಳುವಷ್ಟರಲ್ಲಿ ಬಾಗಿದ ನಿಬ್ಬಿನ ಅಗಲ ಮೈ ಒಣಗಿಬಿಡುತ್ತದೆ. ಫ್ಯಾನಿನ ಕೆಳಗೆ ಕೂಡದೆ, ನೋಡುವಾಗಲೆಲ್ಲ ಮುಚ್ಚಳ ಹಾಕುವ ರೂಢಿ ಮಾಡಿಕೊಳ್ಳಬೇಕು.

ಹೊಸ ನಿಬ್ಬು ಹಾಳೆಯನ್ನು ಕೆರೆದರೆ ಕೂಡಲೇ ಅದನ್ನು ಉಜ್ಜಲು ಹೋಗಬೇಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಬೇಕು. ಶಹಾಪುರದ ಸರಾಫ್ ಗಲ್ಲಿಯಲ್ಲಿ ಪತ್ತಾರರು ಕಣ್ಣಿಗೆ ಹಿಡಿದು ನೋಡುವಂಥದ್ದೇ ಆಗುತ್ತದೆ. ಅದರಲ್ಲಿ ಮೊನೆಯನ್ನು ಎದುರಿನಿಂದ ನೋಡಿದಾಗ ಸೀಳಿನ ಎರಡೂ ಬದಿಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಬದಿ ಕೆಳಗಿದ್ದರೆ ಅದನ್ನು ಉಗುರಿನಿಂದ ಮೆಲ್ಲಗೆ ಮೇಲಕ್ಕೆ ಒತ್ತಿ, ಬಿಟ್ಟು, ಮತ್ತೆ ನೋಡಬೇಕು. ಹೆಚ್ಚಿನ ಕೆರೆತ ಇಷ್ಟಕ್ಕೇ ಹೋಗುತ್ತದೆ. ಬಾಗಿದ ನಿಬ್ಬಿನಲ್ಲಿ ತುದಿಯನ್ನು ಮಾತ್ರ ನೋಡಿದರೆ ಸಾಲದು, ಬಾಗಿನ ಉದ್ದಕ್ಕೂ ಸೀಳು ಒಂದೇ ಸಮನಾಗಿದೆಯೇ ಎಂದು ಪರೀಕ್ಷಿಸಬೇಕು. ಮಸಿಯ ಬಣ್ಣ ಬದಲಿಸುವಾಗ ಮತ್ತು ತಿಂಗಳಿಗೊಮ್ಮೆ, ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ತೊಳೆದು, ನಿಬ್ಬನ್ನು ಕೆಳಮುಖವಾಗಿ ಹತ್ತಿಬಟ್ಟೆಯ ಮೇಲೆ ರಾತ್ರಿಯಿಡೀ ನಿಲ್ಲಿಸಿದರೆ ನಿಬ್ಬಿನ ಅಡಿಯಲ್ಲಿ ಮಸಿ ಹರಿಸುವ ನಾಲಿಗೆಯೊಳಗಿನ ನೀರೂ ಇಳಿದುಹೋಗುತ್ತದೆ. ಕಾರ್ಬನ್ ಇಂಕು ತುಂಬಿದ ಪೆನ್ನನ್ನು ಮಾತ್ರ ಅಷ್ಟು ದಿನ ಬಿಡದೆ ವಾರಕ್ಕೊಮ್ಮೆಯಾದರೂ ತೊಳೆಯುವುದು ಕ್ಷೇಮ.