ನಿಂತುಕೊಂಡೇ ಸುತ್ತಿದ ಸೇಂಟ್ ಅಗಸ್ಟೀನ್: ಸೆಗ್‌ವೇ ಮೇಲೆ ನನ್ನ ಅನುಭವ

ಅಮೆರಿಕದ ಫ್ಲೋರಿಡಾ ಕರಾವಳಿಯ ಸೇಂಟ್ ಅಗಸ್ಟೀನ್ ಸಣ್ಣ ಊರು. ಆದರೆ ವಯಸ್ಸು ದೊಡ್ಡದು. 1565ರಲ್ಲಿ ಸ್ಪೇನಿನ ಪೆದ್ರೊ ಮೆನೆಂದೆಸ್ ದೆ ಅವಿಲೆಸ್ ಇಲ್ಲಿ ಬಂದಿಳಿದ. ಅಮೆರಿಕದ ಮುಖ್ಯ ಭೂಭಾಗದಲ್ಲಿ ಯುರೋಪಿನವರು ನೆಲೆ ಹೂಡಿ, ಅಂದಿನಿಂದ ಇಂದಿನವರೆಗೂ ಪಾಳು ಬೀಳದೆ ಉಳಿದ ಊರುಗಳಲ್ಲಿ ಇದೇ ಅತಿ ಹಳೆಯದು. ನಾವಿರುವುದು ಜಾಕ್ಸನ್‌ವಿಲ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಹಾಗಾಗಿ ಊರಿಂದ ಯಾರೇ ಬಂದರೂ ಮೊದಲು ಅಲ್ಲಿಗೇ ಕರೆದೊಯ್ಯುತ್ತೇವೆ.

ಕುಮಟೆಯಿಂದ ಅಪ್ಪ ಬಂದಾಗ ಈ ಸಲ ಸೆಗ್‌ವೇ ಮೇಲೆ, ಅಂದರೆ ನಿಂತುಕೊಂಡೇ ಓಡಿಸುವ ಎರಡು ಚಕ್ರದ ಬ್ಯಾಟರಿ ಗಾಡಿಯ ಮೇಲೆ, ಸುತ್ತೋಣ ಅಂದುಕೊಂಡೆ. ಹಳೇ ಪೇಟೆಯ ಬೀದಿಗಳು ಕಿರಿದು, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಟ್ರಾಲಿ ಬಸ್ಸಿನಲ್ಲಿ ಕೂತರೆ ನೋಡಬೇಕು ಅನ್ನಿಸಿದ್ದು ನೋಡುವಷ್ಟರಲ್ಲಿ ಹಿಂದೆ ಸರಿದಿರುತ್ತದೆ. ಪೂರ್ತಿ ನಡೆಯೋಣ ಎಂದರೆ ಫ್ಲೋರಿಡಾದ ಬಿಸಿಲು. ಅಪ್ಪನಿಗೆ ನಿಲ್ಲುವುದು ಕಷ್ಟವಲ್ಲ, ಜಾಸ್ತಿ ನಡೆದರೆ ಮಾತ್ರ ಮೊಣಕಾಲು ಹಿಡಿಯುತ್ತದೆ. ಎರಡು ಗಂಟೆಯ ಗೈಡೆಡ್ ಟೂರ್ ಇತ್ತು, ಬೆಳಿಗ್ಗೆಯ ಮೊದಲ ಹೊತ್ತಿಗೆ ಬುಕ್ ಮಾಡಿದೆ.

ಬೆಳಿಗ್ಗೆಯೇ ಯಾಕೆ ಅಂದರೆ, ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಗುಡುಗು ಮಿಂಚಿನ ಮಳೆ ಬರುವುದು ಮಾಮೂಲು. ಮಿಂಚು ಶುರುವಾದರೆ ಟೂರ್ ನಿಂತೇ ಹೋಗುತ್ತದೆ. ಬೆಳಿಗ್ಗೆ ಜನವೂ ಕಡಿಮೆ. ನವೆಂಬರ್ ಮಧ್ಯದಿಂದ ಜನವರಿವರೆಗೆ ಊರಿಗೆಲ್ಲ ದೀಪ ಕಟ್ಟುತ್ತಾರೆ. ನೋಡಲು ಬಲು ಚೆಂದ, ಆದರೆ ಆ ದಿನಗಳ ಸಂಜೆ ಫುಟ್‌ಪಾತಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಸೆಗ್‌ವೇಗೆ ಅದು ಸರಿಯಾದ ಹೊತ್ತಲ್ಲ.

ಬುಕ್ ಮಾಡುವ ಮುಂಚೆ ತೂಕ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಅದು ಯಂತ್ರದ ಲೆಕ್ಕ. ನಾವು ಹತ್ತಿದ ಐ2 ಮಾದರಿಗೆ ನಿಂತವರ ತೂಕ ಸುಮಾರು 45ರಿಂದ 117 ಕಿಲೋ ಒಳಗಿರಬೇಕು. ಅದಕ್ಕಿಂತ ಕಡಿಮೆ ತೂಕದವರು ಹಿಂದಕ್ಕೆ ವಾಲಿದರೂ ಯಂತ್ರ ಸರಿಯಾಗಿ ನಿಲ್ಲದೆ ಹೋಗಬಹುದು. ಅದಕ್ಕೇ ಸಣ್ಣ ಮಕ್ಕಳನ್ನು ಹತ್ತಿಸುವುದಿಲ್ಲ. ಗರ್ಭಿಣಿಯರು, ತಲೆ ಸುತ್ತು ಬರುವವರು, ಈಚೆಗೆ ಆಪರೇಷನ್ ಆದವರು ಹತ್ತಬಾರದು. ಊರಿಂದ ಬಂದ ಹಿರಿಯರನ್ನು ಕರೆದೊಯ್ಯುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಅಲ್ಲಿಗೆ ಹೋದ ಮೇಲೆ ಅವರನ್ನು ಬೆಂಚಿನ ಮೇಲೆ ಕೂರಿಸಿ ನಾವು ಹೊರಡುವುದು ಚೆನ್ನಾಗಿರುವುದಿಲ್ಲ.

ಹೆಲ್ಮೆಟ್ ಹಾಕಿಸಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು, ಪಕ್ಕದ ಖಾಲಿ ಜಾಗದಲ್ಲಿ ಕಲಿಸಲು ಶುರು ಮಾಡಿದರು. ಇದೇ ಟೂರಿನ ಜೀವಾಳ. ಇಲ್ಲಿ ಅವಸರ ಮಾಡುವವರ ಜೊತೆ ಹೋಗಲೇಬೇಡಿ.

ಸೆಗ್‌ವೇಗೆ ಆಕ್ಸಿಲರೇಟರ್ ಇಲ್ಲ, ಬ್ರೇಕಿನ ಲಿವರೂ ಇಲ್ಲ. ಅಕ್ಕಪಕ್ಕದಲ್ಲಿ ಎರಡು ಚಕ್ರ, ನಡುವೆ ನಿಲ್ಲುವ ಹಲಗೆ, ಎದುರಿಗೆ ಹ್ಯಾಂಡಲ್. ಹಲಗೆಯ ಕೆಳಗಿರುವ ಗೈರೋಸ್ಕೋಪ್ ಸೆನ್ಸರ್‌ಗಳು ನಮ್ಮ ಮೈ ಯಾವ ಕಡೆ ವಾಲುತ್ತಿದೆ ಎಂದು ಸೆಕೆಂಡಿಗೆ ನೂರು ಸಲ ನೋಡುತ್ತವೆ. ಮುಂದೆ ವಾಲಿದರೆ ಬೀಳದಂತೆ ತಡೆಯಲು ಮೋಟರು ಚಕ್ರಗಳನ್ನು ಮುಂದಕ್ಕೆ ಓಡಿಸುತ್ತದೆ. ಹಿಂದಕ್ಕೆ ವಾಲಿದರೆ ನಿಧಾನವಾಗಿ ನಿಲ್ಲುತ್ತದೆ. ಎಡಕ್ಕೆ ತಿರುಗಬೇಕಾದರೆ ಹ್ಯಾಂಡಲನ್ನು ಎಡಕ್ಕೆ ಬಾಗಿಸಬೇಕು, ಅಷ್ಟೇ. ನಿಂತಲ್ಲೇ ಬುಗುರಿಯಂತೆ ಸುತ್ತುತ್ತದೆ.

ಹತ್ತುವಾಗ ಗೈಡ್ ಹ್ಯಾಂಡಲ್ ಹಿಡಿದು ಎದುರಿಗೆ ನಿಂತಿದ್ದರು. ಚಿಕ್ಕ ಪರದೆಯಲ್ಲಿ ಹಸಿರು ನಗುಮುಖ ಬಂದ ಮೇಲೆ ಒಂದು ಕಾಲು, ಆಮೇಲೆ ತಡ ಮಾಡದೆ ಇನ್ನೊಂದು. ಒಂದೇ ಕಾಲಿಟ್ಟು ಯೋಚಿಸುತ್ತ ನಿಂತರೆ ಯಂತ್ರ ಹೊಯ್ದಾಡುತ್ತದೆ. ಹತ್ತಿದ ಮೊದಲ ಅರ್ಧ ನಿಮಿಷ ಎಲ್ಲರಿಗೂ ಕಾಲ ಕೆಳಗೆ ಹಲಗೆ ನಡುಗಿದಂತೆ ಅನ್ನಿಸುತ್ತದೆ. ನಡುಗುವುದು ಯಂತ್ರವಲ್ಲ, ನಮ್ಮ ಪಾದ. ನಾವು ಗಾಬರಿಯಲ್ಲಿ ಹಿಂದೆ ಮುಂದೆ ಮಾಡಿದ್ದನ್ನೆಲ್ಲ ಅದು ಆಜ್ಞೆ ಎಂದು ತಿಳಿಯುತ್ತದೆ. ಪಾದ ನೋಡುವುದನ್ನು ಬಿಟ್ಟು ಎದುರಿನ ಮರ ನೋಡಿದರೆ ತಾನಾಗಿ ಸುಮ್ಮನಾಗುತ್ತದೆ. ಅಪ್ಪನಿಗೆ ಇದು ನನಗಿಂತ ಬೇಗ ಬಂತು. ದೋಣಿಯಲ್ಲಿ ನಿಂತು ಅಭ್ಯಾಸವಿದ್ದವರು ಅವರು.

ಇನ್ನೊಂದು ಮಾತು. ವಾಲುವುದು ಸೊಂಟದಿಂದಲ್ಲ, ಹರಡಿನಿಂದ. ಸೊಂಟ ಬಗ್ಗಿಸಿದರೆ ತಲೆ ಮುಂದೆ ಹೋಗುತ್ತದೆ, ಹಿಂಭಾಗ ಹಿಂದೆ ಹೋಗುತ್ತದೆ, ಯಂತ್ರ ಅಲ್ಲೇ ನಿಲ್ಲುತ್ತದೆ. ನಿಲ್ಲಿಸಬೇಕು ಅನ್ನಿಸಿದಾಗ ಕುರ್ಚಿಯಲ್ಲಿ ಕೂರಲು ಹೊರಟವರಂತೆ ಭಾರವನ್ನು ಹಿಮ್ಮಡಿಗೆ ತನ್ನಿ. ಇಟ್ಟಿಗೆ ಹಾಸಿದ ಬೀದಿಯಲ್ಲಿ ಮೊಣಕಾಲು ಸ್ವಲ್ಪ ಮಡಚಿರಲಿ. ಇಳಿಯುವಾಗ ಎರಡೂ ಕಾಲು ನೆಲಕ್ಕೆ ಬರುವ ತನಕ ಹ್ಯಾಂಡಲ್ ಬಿಡಬೇಡಿ. ಯಂತ್ರದ ತೂಕವೇ ಸುಮಾರು 47 ಕಿಲೋ. ಬಿಟ್ಟರೆ ತಾನೇ ಒಂದಿಷ್ಟು ಮುಂದೆ ಹೋಗಿ ಯಾರ ಕಾಲಿಗಾದರೂ ಬಡಿಯುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದ ತನಕ ಹೋಗಬಲ್ಲದು. ಆದರೆ ಕಲಿಯುವವರಿಗೆ ಆಮೆಯ ಚಿತ್ರವಿರುವ ನಿಧಾನದ ಸೆಟ್ಟಿಂಗ್ ಹಾಕಿಕೊಡುತ್ತಾರೆ. ವೇಗದ ಮಿತಿ ಮುಟ್ಟಿದರೆ ಹ್ಯಾಂಡಲ್ ತಾನಾಗಿ ನಮ್ಮ ಕಡೆಗೆ ಬಾಗುತ್ತದೆ. ಆಗ ಅದರ ಜೊತೆ ಗುದ್ದಾಡದೆ ಹಿಂದೆ ಸರಿಯಬೇಕು.

ಹೊರಟ ಮೇಲೆ ಗೊತ್ತಾಗುವ ಸುಖ ಎತ್ತರದ್ದು. ಹಲಗೆ ನೆಲದಿಂದ ಒಂದು ಗೇಣು ಮೇಲಿರುತ್ತದೆ. ಅಷ್ಟಕ್ಕೇ ಕಂಪೌಂಡಿನಾಚೆಯ ಅಂಗಳ, ನಿಲ್ಲಿಸಿದ ಕಾರುಗಳ ಆಚೆಯ ನೀರು ಎಲ್ಲ ಕಾಣುತ್ತದೆ. ಸಮುದ್ರದ ಗೋಡೆಯ ಪಕ್ಕದಲ್ಲಿ ಮಟಾನ್ಸಸ್ ಕೊಲ್ಲಿಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸೇಂಟ್ ಫ್ರಾನ್ಸಿಸ್ ಬೀದಿಯ ಹಳೇ ಮನೆ ನೋಡಿ, ಇಟ್ಟಿಗೆಯ ಅವಿಲೆಸ್ ಬೀದಿಯಲ್ಲಿ ಹಾದು, ಊರ ನಡುವಿನ ಚೌಕವಾದ ಪ್ಲಾಜಾಕ್ಕೆ ಬಂದೆವು.

ಇಲ್ಲಿ ನಾನು ಮೊದಲೇ ಒಂದು ಮಾತು ಕೇಳಿಕೊಂಡಿದ್ದೆ. ಈ ಊರಿನ ಟೂರ್‌ಗಳಲ್ಲಿ ಕಡಲ್ಗಳ್ಳರ ಕಥೆ, ದೆವ್ವದ ಕಥೆ ಧಾರಾಳ ಸಿಗುತ್ತವೆ. 1964ರಲ್ಲಿ ಕಪ್ಪು ಜನರ ಸಮಾನ ಹಕ್ಕಿಗಾಗಿ ಇಲ್ಲಿ ನಡೆದ ಹೋರಾಟದ ಕಥೆ ಕೆಲವೊಮ್ಮೆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ‘ಪ್ಲಾಜಾದಲ್ಲಿ ನಿಲ್ಲಿಸಿ, ಅದನ್ನು ಹೇಳುತ್ತೀರಾ?’ ಎಂದು ಹೊರಡುವ ಮುಂಚೆ ಗೈಡ್ ಬಳಿ ಕೇಳಿದ್ದೆ. ಅವರು ಸಂತೋಷದಿಂದ ಒಪ್ಪಿದರು.

ಪ್ಲಾಜಾದ ಪೂರ್ವದ ತುದಿಯಲ್ಲಿ ಕಂಬಗಳ ಮೇಲೆ ನಿಂತ ತೆರೆದ ಮಂಟಪವಿದೆ. ಹಳೇ ಕಾಲದ ಸಂತೆಕಟ್ಟೆ. ಅಲ್ಲಿ ತರಕಾರಿ, ಮೀನಿನ ಜೊತೆ ಗುಲಾಮರನ್ನೂ ಮಾರಿದ್ದಾರೆ. 1963ರಲ್ಲಿ ಕಪ್ಪು ಜನಾಂಗದ ನಾಲ್ವರು ಹದಿಹರೆಯದ ಮಕ್ಕಳು ಬಿಳಿಯರಿಗೆ ಮಾತ್ರ ಮೀಸಲಾದ ಕೌಂಟರಿನಲ್ಲಿ ಕೂತು ತಿನ್ನಲು ಕೊಡಿ ಎಂದು ಕೇಳಿದರು. ಅಷ್ಟಕ್ಕೇ ಅವರನ್ನು ಜೈಲಿಗೆ ಹಾಕಿದರು, ತಿಂಗಳುಗಟ್ಟಲೆ ಬಿಡಲಿಲ್ಲ. ಮಾರನೇ ವರ್ಷ ಜೂನ್ 9ರ ರಾತ್ರಿ ಇದೇ ಪ್ಲಾಜಾದಲ್ಲಿ ಮೆರವಣಿಗೆ ತಂದ ಹೋರಾಟದ ಮುಂದಾಳು ಆಂಡ್ರ್ಯೂ ಯಂಗ್ ಅವರನ್ನು ಗುಂಪು ಹೊಡೆದು ಕೆಡವಿತು. ಅವರು ನಡೆದ ಜಾಗಕ್ಕೆ ಈಗ ಅವರದೇ ಹೆಸರಿದೆ. ಜೂನ್ 11ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಲ್ಲಿಯ ಎದುರಿನ ಮಾನ್ಸನ್ ಮೋಟರ್ ಲಾಡ್ಜ್ ಮೆಟ್ಟಿಲ ಮೇಲೆ ಬಂಧಿಸಿದರು. ವಾರದ ನಂತರ ಅಲ್ಲಿಯ ಈಜುಕೊಳಕ್ಕೆ ಕಪ್ಪು ಬಿಳಿ ಹೋರಾಟಗಾರರು ಒಟ್ಟಿಗೆ ಇಳಿದಾಗ ಮ್ಯಾನೇಜರ್ ನೀರಿಗೆ ಆಸಿಡ್ ಸುರಿದ. ಆ ಫೋಟೋ ಜಗತ್ತಿಗೆಲ್ಲ ಹೋಯಿತು. ಮಾರನೇ ದಿನ, ಜೂನ್ 19ರಂದು, ನಾಗರಿಕ ಹಕ್ಕುಗಳ ಮಸೂದೆ ಸೆನೆಟ್‌ನಲ್ಲಿ ಪಾಸಾಯಿತು.

ಅದೇ ಪ್ಲಾಜಾದಲ್ಲಿ ಆ ಸಾಮಾನ್ಯ ಹೋರಾಟಗಾರರ ನೆನಪಿಗೆ 2011ರಲ್ಲಿ ನಿಲ್ಲಿಸಿದ ಸ್ಮಾರಕವಿದೆ. ನಾಲ್ಕು ಮುಖ ಸಾಲಾಗಿ ಇವೆ, ಎಲ್ಲ ಒಂದೇ ದಿಕ್ಕಿಗೆ ನೋಡುತ್ತವೆ. ಅಪ್ಪ ಮಾತಾಡದೆ ಬಹಳ ಹೊತ್ತು ನೋಡಿದರು. ಈ ಊರಿಗೆ ಬಂದು ಇದನ್ನು ನೋಡದೆ ಹೋದರೆ ಅರ್ಧ ಊರನ್ನೂ ನೋಡಿದಂತಾಗುವುದಿಲ್ಲ ಅಂತ ನನಗೆ ನಿಜವಾಗಿ ಅನ್ನಿಸುತ್ತದೆ. ಗೈಡ್ ತಾವಾಗಿ ಹೇಳದಿದ್ದರೆ ಕೇಳಿ. ಕೇಳಿದರೆ ಖಂಡಿತ ಹೇಳುತ್ತಾರೆ.

ಮುಂದೆ ಕಿಂಗ್ ಬೀದಿ. ರಾಕ್‌ಫೆಲ್ಲರ್ ಜೊತೆ ಎಣ್ಣೆ ವ್ಯಾಪಾರದಲ್ಲಿ ದುಡ್ಡು ಮಾಡಿದ ಹೆನ್ರಿ ಫ್ಲ್ಯಾಗ್ಲರ್ 1888ರಲ್ಲಿ ತೆರೆದ ಪಾನ್ಸ್ ದೆ ಲಿಯೋನ್ ಹೋಟೆಲ್ ಈಗ ಫ್ಲ್ಯಾಗ್ಲರ್ ಕಾಲೇಜು. ಲೂಯಿ ಟಿಫನಿಯ ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ಇಂದು ವಿದ್ಯಾರ್ಥಿಗಳು ಊಟ ಮಾಡುತ್ತಾರೆ. ಎದುರಿನ ಅಲ್ಕಜಾರ್ ಹೋಟೆಲ್ ಲೈಟ್ನರ್ ಮ್ಯೂಸಿಯಂ ಆಗಿದೆ. ಅದರ ದೊಡ್ಡ ಒಳಾಂಗಣ ಈಜುಕೊಳದ ತಳದಲ್ಲಿ ಈಗ ಊಟದ ಹೋಟೆಲ್ ಇದೆ. ಇವೆಲ್ಲ ಒಳಗೆ ಹೋಗಿ ನೋಡಬೇಕಾದವು. ಸೆಗ್‌ವೇ ಮೇಲಿಂದ ಜಾಗ ಗುರುತು ಮಾಡಿಕೊಂಡರೆ ಸಾಕು.

ಕೊರ್ಡೋವಾ ಬೀದಿಯಲ್ಲಿ ಉತ್ತರಕ್ಕೆ ಹೋಗಿ ಊರ ಹೆಬ್ಬಾಗಿಲಿಗೆ ಬಂದೆವು. 1808ರ ಎರಡು ಕಂಬಗಳು. ಇಲ್ಲಿ ಇಳಿಯಲು ಬಿಟ್ಟರು. ಅಪ್ಪ ಕುಮಟೆಯಲ್ಲಿ ಮನೆ ಕಟ್ಟಿಸುವ ಗುತ್ತಿಗೆ ಮಾಡಿದವರು, ಅವರ ಕಣ್ಣು ಮೊದಲು ಹೋಗುವುದೇ ಕಲ್ಲಿಗೆ. ಕಂಬಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಕಲ್ಲಿನ ತುಂಬ ಉಗುರಿನಗಲದ ಚಿಪ್ಪುಗಳು. ಕೆಲವು ಪೂರ್ತಿ, ಹೆಚ್ಚಿನವು ಚೂರು. ನಡುವೆ ಎಲ್ಲೆಲ್ಲೂ ತೂತು. ಇದಕ್ಕೆ ಕೋಕೀನಾ ಎನ್ನುತ್ತಾರೆ. ಸಾವಿರಾರು ವರ್ಷ ಕಡಲತೀರದಲ್ಲಿ ಬಿದ್ದ ಚಿಪ್ಪುಗಳು ಅಂಟಿಕೊಂಡು ಆದ ಕಲ್ಲು. ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಒಣಗಿದ ಮೇಲೆ ಗಟ್ಟಿಯಾಗುತ್ತದೆ ಎಂದು ಗೈಡ್ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ.

‘ಇದು ನಮ್ಮ ಚಿರೆಕಲ್ಲಿನ ತರಾನೇ ಆಯ್ತಲ್ಲೇ,’ ಅಂದರು ಅಪ್ಪ. ನಿಜ. ಮಿರ್ಜಾನ ಕೋಟೆಯ ಚಿರೆಕಲ್ಲಿನದೂ ಅದೇ ಗುಣ. ಒಂದು ಕೆಂಪು ಮಣ್ಣಿನಿಂದ ಆದದ್ದು, ಇನ್ನೊಂದು ಚಿಪ್ಪಿನಿಂದ. ಎರಡನ್ನೂ ಹಸಿಯಿದ್ದಾಗ ಕಡಿದು, ಒಣಗಿಸಿ ಕಟ್ಟುತ್ತಾರೆ.

ಹೆಬ್ಬಾಗಿಲ ಎದುರಿಗೇ ಕಾಸ್ತಿಯೋ ದೆ ಸಾನ್ ಮಾರ್ಕೋಸ್ ಕೋಟೆ. ಮುಂಚೆ ಇಲ್ಲಿದ್ದವು ಮರದ ಕೋಟೆಗಳು. 1668ರಲ್ಲಿ ಕಡಲ್ಗಳ್ಳರು ಊರು ದೋಚಿದ ಮೇಲೆ ಸ್ಪೇನ್ ಕಲ್ಲಿನ ಕೋಟೆಗೆ ಹಣ ಕೊಟ್ಟಿತು. 1672ರಲ್ಲಿ ಶುರುವಾಗಿ 1695ಕ್ಕೆ ಮುಗಿಯಿತು. ಎದುರಿನ ಅನಸ್ತೇಸಿಯಾ ದ್ವೀಪದಿಂದ ಕಲ್ಲು ದೋಣಿಯಲ್ಲಿ ಬಂತು. 1702ರಲ್ಲಿ ಇಂಗ್ಲಿಷರು ಮುತ್ತಿಗೆ ಹಾಕಿದಾಗ ಊರಿನ ಸುಮಾರು 1,500 ಜನ ಒಳಗೆ ಸೇರಿಕೊಂಡರು. ಗುಂಡು ಬಡಿದರೆ ಈ ಕಲ್ಲು ಸೀಳುವುದಿಲ್ಲ. ತೂತುಗಳಿರುವುದರಿಂದ ಒಳಗೆ ಕುಸಿದು ಗುಂಡನ್ನೇ ಹಿಡಿದುಕೊಳ್ಳುತ್ತದೆ. ಕೋಟೆ ಉಳಿಯಿತು. ಇಂಗ್ಲಿಷರು ಹಿಂದಿರುಗುವಾಗ ಊರಿಗೆ ಬೆಂಕಿಯಿಟ್ಟರು. ಇಂದು ನಾವು ನೋಡುವ ಹಳೇ ಮನೆಗಳೆಲ್ಲ ಆ ಬೆಂಕಿಯ ಈಚಿನವು. ಯುದ್ಧದಲ್ಲಿ ಈ ಕೋಟೆಯನ್ನು ಯಾರೂ ಗೆದ್ದಿಲ್ಲ. ಒಪ್ಪಂದಗಳಿಂದ ಮಾತ್ರ ಕೈ ಬದಲಾಗಿದೆ.

ಕೋಟೆಯೊಳಗೆ ಸೆಗ್‌ವೇ ಬಿಡುವುದಿಲ್ಲ. ಅಂಗಡಿಗಳು ಕಿಕ್ಕಿರಿದ ಸೇಂಟ್ ಜಾರ್ಜ್ ಬೀದಿಗೂ ನಮ್ಮನ್ನು ಕರೆದೊಯ್ಯಲಿಲ್ಲ. ಅದು ನಡೆಯುವವರ ಬೀದಿ, ಅದೇ ಸರಿ. ಫುಟ್‌ಪಾತಿನಲ್ಲಿ ನಡೆಯುವವರಿಗೆ ನಾವು ದಾರಿ ಬಿಡಬೇಕೆಂದು ಫ್ಲೋರಿಡಾದ ಕಾನೂನೇ ಹೇಳುತ್ತದೆ. ಕೊಲ್ಲಿಯ ಪಕ್ಕದಲ್ಲಿ ಹಿಂದಿರುಗುವಾಗ ಮಾನ್ಸನ್ ಲಾಡ್ಜಿನ ಉಳಿಸಿಕೊಂಡ ಮೆಟ್ಟಿಲುಗಳನ್ನು ಗೈಡ್ ನಿಲ್ಲಿಸಿ ತೋರಿಸಿದರು. ಈಗ ಅದೇ ಜಾಗದಲ್ಲಿ ದೊಡ್ಡ ಹೋಟೆಲ್ ಇದೆ.

ಇಳಿದ ಮೇಲೆ ಪಾದ ಉರಿಯುತ್ತದೆ. ಮೆತ್ತನೆಯ ಚಪ್ಪಲಿ ಬೇಡ, ತಳ ಚಪ್ಪಟೆಯಿರುವ ಶೂ ಹಾಕಿ. ನಾವು ಹತ್ತಿದಂಥ ಸೆಗ್‌ವೇಗಳ ತಯಾರಿಕೆ 2020ರ ಜುಲೈಗೆ ನಿಂತಿದೆ. ಈಗ ಓಡುತ್ತಿರುವವೆಲ್ಲ ಹಳೆಯವು. ಹಲವು ಕಡೆ ಟೂರ್‌ನವರು ಬೇರೆ ಬ್ಯಾಟರಿ ಗಾಡಿಗಳಿಗೆ ಬದಲಾಗಿದ್ದಾರೆ. ಅದಕ್ಕೇ ಯಾವ ಯಂತ್ರ, ಒಂದು ಗುಂಪಿನಲ್ಲಿ ಎಷ್ಟು ಜನ, ಕಲಿಸಲು ಎಷ್ಟು ಹೊತ್ತು ಕೊಡುತ್ತಾರೆ ಎಂದು ಮೊದಲೇ ಫೋನ್ ಮಾಡಿ ಕೇಳಿ.

ಕೋಟೆಗೆ ನಾವು ಮಧ್ಯಾಹ್ನ ನಡೆದೇ ಹೋದೆವು. ಅದರ ಟಿಕೆಟ್ 7 ದಿನ ನಡೆಯುತ್ತದೆ, ಅರ್ಧ ಇಂದು ಅರ್ಧ ನಾಳೆ ನೋಡಬಹುದು. ಸೆಗ್‌ವೇ ದಾರಿಗೆ ಸಿಗದ ಇನ್ನೊಂದು ಜಾಗ ಫೋರ್ಟ್ ಮೊಸೆ, ಪೇಟೆಯಿಂದ ಉತ್ತರಕ್ಕೆ ಸುಮಾರು 3 ಕಿಲೋಮೀಟರ್. ಇಂಗ್ಲಿಷರ ತೋಟಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಸ್ಪೇನಿನ ಗವರ್ನರ್ 1738ರಲ್ಲಿ ಅಲ್ಲಿ ನೆಲೆ ಕೊಟ್ಟ. ಫ್ರಾನ್ಸಿಸ್ಕೊ ಮೆನೆಂದೆಸ್ ಎಂಬ, ತಾನೂ ಗುಲಾಮನಾಗಿದ್ದವನೇ ಅವರ ನಾಯಕ. 1740ರಲ್ಲಿ ಇಂಗ್ಲಿಷರು ಮತ್ತೆ ಸೇಂಟ್ ಅಗಸ್ಟೀನಿಗೆ ಮುತ್ತಿಗೆ ಹಾಕಿದಾಗ, ಮೊಸೆಯನ್ನು ಮರಳಿ ಪಡೆದ ಹೋರಾಟದಲ್ಲಿ ಈ ಜನವೂ ಇದ್ದರು. ಅಲ್ಲಿಗೆ ಕಾರಿನಲ್ಲಿ ಹೋಗಿ, ಜೌಗಿನ ಮೇಲೆ ಹಾಕಿದ ಮರದ ಸೇತುವೆಯ ತನಕ ನಡೆಯಿರಿ. ಅಪ್ಪನಿಗೆ ಅಷ್ಟು ನಡಿಗೆ ಏನೂ ಕಷ್ಟವಾಗಲಿಲ್ಲ.