ಬಿಳಿ ಕೋಳಿ ತರುವ ಮುಂಚೆ ಕಾಲು ನೋಡಿ

ಅಘನಾಶಿನಿ ದಡದ ನಮ್ಮೂರಲ್ಲಿ ಲೆಗ್‌ಹಾರ್ನ್ ಅಂದರೆ ಯಾರಿಗೂ ತಿಳಿಯುವುದಿಲ್ಲ. ಬಿಳಿ ಕೋಳಿ ಅಂದರೆ ಸಾಕು. ಇಟಲಿಯ ಲಿವೋರ್ನೊ ಬಂದರಿನ ಹೆಸರು ಇಂಗ್ಲಿಷರ ಬಾಯಲ್ಲಿ ಲೆಗ್‌ಹಾರ್ನ್ ಆಯಿತಂತೆ.

ನಾನು ಮೊದಲು ತಂದಿದ್ದು ಆರು. ಕುಮಟಾದಲ್ಲಿ ಟೆಂಪೊ ನಿಲ್ಲಿಸಿಕೊಂಡು ಮಾರುತ್ತಿದ್ದವನು, "ಅಕ್ಕಾ, ಹದಿನೈದು ದಿನದಲ್ಲಿ ಮೊಟ್ಟೆ ಶುರು ಮಾಡ್ತಾವೆ ನೋಡಿ" ಅಂದ. ತಿಂಗಳಾದರೂ ಆರೂ ಸೇರಿ ವಾರಕ್ಕೆ ನಾಲ್ಕು ಮೊಟ್ಟೆ! ಅವು ಫಾರ್ಮಿನಲ್ಲಿ ಇಟ್ಟೂ ಇಟ್ಟೂ ದಣಿದ ಕೋಳಿಗಳು.

ಕಾಲು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಈ ಜಾತಿಯ ಕಾಲು, ಕೊಕ್ಕು ಹಳದಿ. ಮೊಟ್ಟೆ ಶುರುವಾದ ಮೇಲೆ ಮೇವಿನ ಹಳದಿಯೆಲ್ಲ ಮೊಟ್ಟೆಯೊಳಗೆ ಹೋಗುತ್ತದೆ. ಮೊದಲು ಕೊಕ್ಕು, ಆಮೇಲೆ ಕಾಲು ಬಿಳಿಚಿಕೊಳ್ಳುತ್ತದೆ. "ಇನ್ನೂ ಮೊಟ್ಟೆ ಇಟ್ಟಿಲ್ಲ" ಅನ್ನುವ ಹೇಂಟೆಯ ಕಾಲು ಸುಣ್ಣದ ಹಾಗಿದ್ದರೆ ಸುಮ್ನೆ ಮುಂದೆ ಹೋಗಿ. ಕೊಕ್ಕಿನ ತುದಿಯನ್ನೂ ನೋಡಿ. ಜಾಸ್ತಿ ಕತ್ತರಿಸಿದ್ದರೆ ಹಿತ್ತಿಲಲ್ಲಿ ಹುಳ ಹೆಕ್ಕಲು ಆಗುವುದಿಲ್ಲ.

10–12 ವಾರದ ಮರಿ ತರುವುದೇ ಒಳ್ಳೆಯದು. ಬಲ್ಬಿನ ಕಾವು ಕೊಡುವ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ. ಕೊಕ್ಕರೆ ರೋಗ (ರಾಣಿಖೇತ್), ಗಂಬೊರೊ, ಸಿಡುಬು, ಕೋಳಿಗೆ ಬರುವ ಈ ರೋಗಗಳ ಲಸಿಕೆ ಯಾವಾಗ ಆಗಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಜಾತ್ರೆಯ ಬಣ್ಣ ಬಳಿದ ಮರಿಗಳಿಗೆ ಆಸೆ ಪಡಬೇಡಿ. ಅವು ಹೆಚ್ಚಾಗಿ ಹುಂಜಗಳು.

ಇನ್ನು ಗೂಡು. ನಮ್ಮ ಕಡೆಯ ಮಳೆಯೇ ದೊಡ್ಡ ಶತ್ರು. ನಾನು ಚಿರೆಕಲ್ಲಿನ ಮೇಲೆ ಎರಡು ಅಡಿ ಎತ್ತರಕ್ಕೆ ಕಟ್ಟಿಸಿದೆ. ಮೇಲೆ ಹಂಚು, ಎರಡು ಬದಿಗೆ ಜಾಲರಿ. ಮಳೆಗೆ ಹೆದರಿ ನಾಲ್ಕೂ ಬದಿ ತಾಡಪಾಲು ಕಟ್ಟಿದರೆ ಒಳಗೆ ಉಸಿರುಗಟ್ಟುತ್ತದೆ. ಕೆಳಗೆ ಭತ್ತದ ಉಮಿ ಹಾಕುತ್ತೇನೆ. ಜೂನ್ ಬಂದರೆ ದಿನಾ ಒಂದು ಹಿಡಿ ಎತ್ತಿ ಮುಷ್ಟಿ ಬಿಗಿದು ನೋಡುತ್ತೇನೆ. ಕೈ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ಅವತ್ತೇ ಬದಲು. ಒದ್ದೆ ಉಮಿಯಲ್ಲೇ ರಕ್ತಭೇದಿ ಹಬ್ಬುವುದು. ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಯಬೇಡಿ, ಪಶು ಆಸ್ಪತ್ರೆಗೆ ಹೋಗಿ.

16 ವಾರದವರೆಗೆ ಬೆಳೆಯುವ ಕೋಳಿಯ ಮೇವೇ ಸಾಕು. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ (ಕ್ಯಾಲ್ಸಿಯಂ) ಜಾಸ್ತಿ, ಬೇಗ ಕೊಟ್ಟರೆ ಮೂತ್ರಪಿಂಡ ಕೆಡುತ್ತದೆ. ಮೊಟ್ಟೆ ಶುರುವಾಗುವುದು 18–20 ವಾರಕ್ಕೆ. ಆಮೇಲೆ ಒಂದಕ್ಕೆ ದಿನಕ್ಕೆ 100–110 ಗ್ರಾಂ ಮೇವು ಬೇಕು. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 250ರ ಮೇಲೆ ಮೊಟ್ಟೆ ಇಡುತ್ತವೆ.

ಮೊಟ್ಟೆ ಇಡುವ ಕೋಳಿಗೆ ಸುಣ್ಣದಂಶಕ್ಕೆಂದು ಕೊಡುವ ಚಿಪ್ಪಿಗೆ ಅಂಗಡಿ ಹುಡುಕಬೇಕಾಗಿಲ್ಲ. ಹೊಳೆಯ ಬಳಚು (ಚಿಪ್ಪುಮೀನು) ತಿಂದಾದ ಮೇಲೆ ಚಿಪ್ಪು ತೊಳೆದು ಒಣಗಿಸಿ ಒರಳಲ್ಲಿ ಕುಟ್ಟುತ್ತೇನೆ. ನುಣ್ಣಗೆ ಹಿಟ್ಟು ಮಾಡಬಾರದು, ದಪ್ಪ ರವೆಯ ಹಾಗಿರಬೇಕು. ಅದು ಹೊಟ್ಟೆಯಲ್ಲಿ ನಿಧಾನ ಕರಗಿ, ಮೊಟ್ಟೆಯ ಸಿಪ್ಪೆ ಕಟ್ಟುವ ರಾತ್ರಿ ಹೊತ್ತಿಗೆ ಒದಗುತ್ತದೆ. ಮೇವಿಗೆ ಬೆರೆಸಬೇಡಿ, ಬೇರೆ ಕರಟದಲ್ಲಿಡಿ. ಬೇಕಾದಷ್ಟು ತಾವೇ ಹೆಕ್ಕುತ್ತವೆ. ಮೀನಿನ ತಲೆ ಮಾತ್ರ ಅತಿಯಾಗಬಾರದು. ಒಂದು ವಾರ ತಾರ್ಲೆ ತಲೆ ಸುರಿದು ನಮ್ಮ ಮನೆ ಆಮ್ಲೆಟ್ ಮೀನು ನಾತ ಹೊಡೆದಿತ್ತು.

ಜುಲೈ ಕತ್ತಲೆಯಲ್ಲಿ ಮೊಟ್ಟೆ ಕಡಿಮೆಯಾಗುತ್ತದೆ, ಅಲ್ವಾ? ಇವಕ್ಕೆ ದಿನಕ್ಕೆ 14–16 ಗಂಟೆ ಬೆಳಕು ಬೇಕು. ನಾನು ಗೂಡಿನಲ್ಲಿ ಒಂದು ಎಲ್‌ಇಡಿ ಬಲ್ಬು ಬೆಳಗಿನ ನಾಲ್ಕೂವರೆಗೆ ಹಾಕುತ್ತೇನೆ. ಸಂಜೆ ಹಾಕಿದರೆ, ಆರಿಸಿದ ಕೂಡಲೇ ಕತ್ತಲಾಗಿ ರಾತ್ರಿ ಕೂರುವ ಕೋಲು ಹತ್ತಲಾಗದೆ ಕೆಳಗೇ ಉಳಿಯುತ್ತವೆ.

ಹಗುರ ಮೈ, ಪುಕ್ಕಲು ಸ್ವಭಾವ. ಪಾತ್ರೆ ಬಿದ್ದರೂ ಹಾರಿ ಮಾವಿನ ಮರದಲ್ಲಿ. ಒಂದು ರೆಕ್ಕೆಯ ಉದ್ದ ಗರಿಗಳನ್ನು ಮಾತ್ರ ಕತ್ತರಿಸಿ, ತೂಕ ತಪ್ಪಿ ಹಾರಲಾಗದು. ಹದ್ದಿಗೆ ಬಿಳಿ ಬಣ್ಣ ದೂರದಿಂದಲೇ ಕಾಣುತ್ತದೆ, ಹಾಗಾಗಿ ಬಯಲಿಗಿಂತ ಗಿಡಗಳ ಅಡಿಯಲ್ಲಿ ಮೇಯಲಿ. ಮುಂಗುಸಿಗೆ ಸಣ್ಣ ಸಂದಿ ಸಾಕು.

ಅತ್ತೆಗೆ ಈಗಲೂ ಸಮಾಧಾನವಿಲ್ಲ. "ಅಂಗಡಿ ಮೊಟ್ಟೆ ಹಾಂಗೇ ಕಾಣ್ತದೆ" ಅನ್ನುತ್ತಾರೆ. ಇವು ಕಾವಿಗೆ ಕೂರುವುದೂ ಅಪರೂಪ, ಮರಿ ಬೇಕಾದರೆ ಒಂದು ನಾಟಿ ಹೇಂಟೆ ಇರಲಿ. ನಮ್ಮ ಕೆಂಪು ಹೇಂಟೆ ಈಗ ಹನ್ನೊಂದು ಬಿಳಿ ಮೊಟ್ಟೆಯ ಮೇಲೆ ಕೂತಿದೆ. ಹುಂಜ ಪಕ್ಕದ ಮನೆಯದು. 21 ದಿನಕ್ಕೆ ಇನ್ನು ಐದು ಬಾಕಿ.