ಟ್ಯಾಪೆಟ್ ಅಲ್ಲ, ಗ್ಯಾಸ್ಕೆಟ್!

ಕೈಮರ ದಾಟಿ ಮುಳ್ಳಯ್ಯನಗಿರಿ ಏರು ಶುರುವಾದರೆ ಸಾಕು, ನನ್ನ 1972ರ ಎಂಜಿಬಿ ಕಾರಿನ ಎಂಜಿನ್ ಟಿಕ್ ಟಿಕ್ ಎನ್ನುತ್ತಿತ್ತು. ಚಿಕ್ಕಮಗಳೂರಿನ ಮೆಕ್ಯಾನಿಕ್ ಒಬ್ಬರು ಕೇಳಿದ ಕೂಡಲೇ "ಟ್ಯಾಪೆಟ್ ಸಾರ್" ಎಂದರು, ಅಂದರೆ ಎಂಜಿನ್ ವಾಲ್ವ್ ತೆರೆಸುವ ಭಾಗದಲ್ಲಿ ಗ್ಯಾಪ್ ಜಾಸ್ತಿಯಾಗಿದೆ ಅಂತ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ 8 ವಾಲ್ವ್‌ಗಳ ಗ್ಯಾಪನ್ನೂ 0.015 ಇಂಚಿಗೆ ತಂದೆ. ಅರ್ಧ ದಿನ ಹೋಯಿತು, ಸದ್ದು ಹೋಗಲಿಲ್ಲ.

ಆಮೇಲೆ ಗಮನಿಸಿದೆ. ಬೆಳಗಿನ ಚಳಿಯಲ್ಲಿ ಸದ್ದು ಜಾಸ್ತಿ, ಬಿಸಿಯಾದಂತೆ ಕಮ್ಮಿ, ಆಕ್ಸಿಲರೇಟರ್ ತುಳಿದರೆ ಮತ್ತೆ ಜೋರು. ಟ್ಯಾಪೆಟ್ ಹೀಗೆ ಮಾಡಲ್ಲ ಅಲ್ವಾ? ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಎಂಜಿನ್ ಸುತ್ತ ಆಡಿಸಿದೆ. ಎಂಜಿನ್ನಿನ ಹೊಗೆ ಹೊರಬರುವ ಕೊಳವೆ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ತಿರ ಫಟ್ ಫಟ್! ಹಿಂದಿನ ನಟ್ ಸಡಿಲ, ಸಂದು ಮುಚ್ಚುವ ತೆಳು ಪದರ ಗ್ಯಾಸ್ಕೆಟ್ ಸುಟ್ಟು ಕಪ್ಪು. ಅಲ್ಲಿಂದ ಹೊಗೆ ಸೋರಿ ಸದ್ದಾಗುತ್ತಿತ್ತು. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚುತ್ತಿತ್ತು, ಅಷ್ಟೇ.

ಗ್ಯಾಸ್ಕೆಟ್ ತೆಗೆಯಲು ಮೊದಲು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಬಿಚ್ಚಬೇಕು, ಅದೇ ದೊಡ್ಡ ರಗಳೆ. ಗ್ಯಾಸ್ಕೆಟ್ ಬದಲಿಸಿ, ಎರಡು ದಿನ ಓಡಿಸಿ ನಟ್‌ಗಳನ್ನು ಮತ್ತೊಮ್ಮೆ ಬಿಗಿದೆ. ಸದ್ದು ನಿಂತಿದೆ. ಬಾಗಿಲಿನ ಗಡಗಡ ಈಗ ಸರಿಯಾಗಿ ಕೇಳಿಸುತ್ತಿದೆ!